ಚೀಟಿ ಮಾತ್ರೆ ಚಟವಾಗದಂತೆ ನೋಡಿಕೊಳ್ಳುವುದು ಹೇಗೆ? ಮನೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಮುಖ್ಯವಾಗಿ ಮೂರು ವಿಷಯ ಇರುತ್ತದೆ. ಔಷಧ ಯಾರಿಗೆ, ಎಷ್ಟು, ಎಷ್ಟು ದಿನ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ದುರ್ಬಳಕೆಯೇ. ಅಮ್ಮನಿಗೆ ಬರೆದ ನಿದ್ದೆ ಮಾತ್ರೆಯನ್ನು ಮಗಳು ಪರೀಕ್ಷೆಯ ಹಿಂದಿನ ರಾತ್ರಿ ನುಂಗಿದರೆ ಅದು ದುರ್ಬಳಕೆ. ಬೆನ್ನುನೋವಿಗೆ ಒಂದು ಸಾಲಲಿಲ್ಲ ಅಂತ ಎರಡು ತಗೊಂಡರೆ ಅದೂ ಹೌದು. ಐದು ದಿನಕ್ಕೆ ಬರೆದದ್ದನ್ನು ಐದು ತಿಂಗಳು ಎಳೆದರೆ ಅದೂ ಹೌದು.

ಇವರಲ್ಲಿ ಯಾರೂ ಅಮಲು ಹುಡುಕಿಕೊಂಡು ಹೊರಟವರಲ್ಲ. ನೋವು ಹೋಗಲಿ, ನಿದ್ದೆ ಬರಲಿ ಅಂತ ತಗೊಂಡವರು. ಬಹಳ ಸಲ ಈ ಸಮಸ್ಯೆ ಹುಟ್ಟುವುದು ಹೀಗೆಯೇ, ಮನೆಯೊಳಗೆ, ಒಳ್ಳೆಯ ಉದ್ದೇಶದಿಂದ. ಹಾಗಾಗಿ ತಡೆಯುವ ಕೆಲಸವೂ ಮನೆಯಿಂದಲೇ ಶುರುವಾಗಬೇಕು. ಸಿಕ್ಕಿಹಾಕಿಕೊಂಡವರನ್ನು ಬೈದು, ಮಾತ್ರೆ ಕಿತ್ತುಕೊಂಡು ಬಿಡಿಸಲು ಆಗುವುದಿಲ್ಲ. ಕೆಲವು ಮಾತ್ರೆಗಳ ವಿಷಯದಲ್ಲಿ ಹಾಗೆ ಮಾಡಿದರೆ ಜೀವಕ್ಕೇ ಅಪಾಯ. ಇಲ್ಲಿರುವ ಹಂತಗಳನ್ನು ಬರೆಯುವಾಗ ಈ ಎರಡು ಮಾತು ನನ್ನ ಮನಸ್ಸಿನಲ್ಲಿದ್ದವು.

ಹಂತ 1: ಯಾವ ಮಾತ್ರೆಗೆ ಎಷ್ಟು ಎಚ್ಚರ ಬೇಕು ಅಂತ ತಿಳಿದುಕೊಳ್ಳಿ

ಎಲ್ಲಾ ಔಷಧಿಗಳೂ ಒಂದೇ ಥರ ಅಪಾಯಕಾರಿ ಅಲ್ಲ. ಕೆಲವು ಗುಂಪುಗಳನ್ನು ಹೆಸರು ಹಿಡಿದು ಗುರುತಿಸಬೇಕು.

ಮೊದಲನೆಯದು ಓಪಿಯಾಯ್ಡ್ ಜಾತಿಯ ನೋವಿನ ಔಷಧಿಗಳು. ಮಾರ್ಫಿನ್, ಕೊಡೀನ್, ಟ್ರಮಡಾಲ್, ಟಪೆಂಟಡಾಲ್, ಆಕ್ಸಿಕೊಡೋನ್, ಫೆಂಟನಿಲ್ ಎಲ್ಲ ಇದರಲ್ಲಿ ಬರುತ್ತವೆ. ಕೊಡೀನ್ ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಇರುತ್ತದೆ. ಇವು ಮೆದುಳಿಗೆ ಹೋಗುವ ನೋವಿನ ಸುದ್ದಿಯನ್ನು ತಗ್ಗಿಸುತ್ತವೆ. ಜೊತೆಗೆ ಉಸಿರಾಟವನ್ನು ನಡೆಸುವ ಮೆದುಳಿನ ಭಾಗವನ್ನೂ ಮಂಕಾಗಿಸುತ್ತವೆ. ಡೋಸ್ ಜಾಸ್ತಿಯಾದರೆ ಮನುಷ್ಯ ನಿದ್ದೆಯಲ್ಲಿದ್ದ ಹಾಗೆಯೇ ಉಸಿರು ನಿಲ್ಲಿಸಿಬಿಡುತ್ತಾನೆ.

ಎರಡನೆಯದು ಆತಂಕಕ್ಕೆ, ನಿದ್ದೆಗೆ ಕೊಡುವ ಮಾತ್ರೆಗಳು. ಆಲ್ಪ್ರಜೋಲಾಮ್, ಲೊರಾಜೆಪಾಮ್, ಡಯಾಜೆಪಾಮ್, ಕ್ಲೋನಾಜೆಪಾಮ್ ಇವೆಲ್ಲ ಬೆಂಜೊಡಯಾಜೆಪಿನ್ ಗುಂಪಿನವು. ಜೋಲ್ಪಿಡೆಮ್ ಬೇರೆ ಗುಂಪಿನದಾದರೂ ಕೆಲಸ ಹೆಚ್ಚುಕಡಿಮೆ ಅದೇ. ಕೆಲವೇ ವಾರ ದಿನಾ ತಗೊಂಡರೂ ದೇಹ ಇವಕ್ಕೆ ಒಗ್ಗಿಕೊಳ್ಳಬಹುದು. ವಯಸ್ಸಾದವರಲ್ಲಿ ಇನ್ನೊಂದು ತೊಂದರೆ ಇದೆ. ರಾತ್ರಿ ಎದ್ದಾಗ ತೂಕಡಿಕೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಮರೆವು ಹೆಚ್ಚಾದಾಗ ಮನೆಯವರು "ವಯಸ್ಸಾಯಿತಲ್ವಾ" ಅಂದುಕೊಂಡು ಸುಮ್ಮನಾಗುತ್ತಾರೆ. ಕಾರಣ ಆ ಪುಟ್ಟ ಮಾತ್ರೆಯೂ ಇರಬಹುದು.

ಮೂರನೆಯದು ಗಮನದ ಕೊರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್, ಆಂಫೆಟಮಿನ್ ಥರದ ಮಾತ್ರೆಗಳು. ಬೇಕಾದವರಿಗೆ ಇವು ತುಂಬಾ ಉಪಕಾರಿ. ರಾತ್ರಿಯೆಲ್ಲ ಓದಬೇಕು ಅಂತ ಸ್ನೇಹಿತನಿಂದ ಇಸಿದುಕೊಂಡು ತಿಂದವರಿಗೆ ಮಾತ್ರ ಎದೆಬಡಿತ, ಬಿಪಿ ಏರುತ್ತದೆ, ನಿದ್ದೆ ಹಾಳಾಗುತ್ತದೆ. ಕೆಲವರಿಗೆ ಇಲ್ಲದ್ದು ಕಾಣುವ, ಕೇಳುವ ಸ್ಥಿತಿಯೂ ಬರುತ್ತದೆ.

ನರಗಳ ನೋವಿಗೆ ಕೊಡುವ ಪ್ರಿಗಾಬಲಿನ್ ಅನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ಬ್ರಿಟನ್ ಇದನ್ನು 2019ರಲ್ಲಿ ನಿಯಂತ್ರಿತ ಔಷಧಿಗಳ ಸಾಲಿಗೆ ಸೇರಿಸಿತು.

ಇನ್ನು ಅಮಲು ಕೊಡದ, ಆದರೆ ಧಾರಾಳವಾಗಿ ದುರ್ಬಳಕೆಯಾಗುವ ಔಷಧಿಗಳಿವೆ. ಸ್ಟೀರಾಯ್ಡ್ ಮುಲಾಮನ್ನು ಮುಖ ಬೆಳ್ಳಗಾಗಲಿ ಅಂತ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪೇರುತ್ತದೆ, ಬಿಟ್ಟ ಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ. ಹುಳುಕಡ್ಡಿಗೆ ಅದನ್ನೇ ಹಚ್ಚಿದರೆ ಕೆರೆತ ಕಡಿಮೆಯಾದಂತೆ ಕಂಡರೂ ಸೋಂಕು ಒಳಗೊಳಗೇ ಹರಡುತ್ತದೆ. ಆಂಟಿಬಯಾಟಿಕ್ ವಿಷಯಕ್ಕೆ ಬೇರೆ ಹಂತವೇ ಬೇಕು, ಮುಂದೆ ಬರುತ್ತದೆ.

ಹಂತ 2: ಮನೆಯಲ್ಲಿರುವ ಎಲ್ಲಾ ಔಷಧಿಗಳನ್ನು ಒಂದು ಕಡೆ ಸುರಿಯಿರಿ

ಕಪಾಟು, ಹಾಸಿಗೆ ಪಕ್ಕದ ಡ್ರಾಯರ್, ಕೈಚೀಲ, ಗಾಡಿಯ ಡಬ್ಬಿ, ಎಲ್ಲಾ ಕಡೆಯಿಂದ ತನ್ನಿ. ಒಂದೊಂದೇ ಕೈಗೆತ್ತಿಕೊಂಡು ಮೂರು ಪ್ರಶ್ನೆ ಕೇಳಿ. ಇದು ಯಾರಿಗೆ ಬರೆದದ್ದು? ಯಾವ ಕಾಯಿಲೆಗೆ? ಈಗಲೂ ಬೇಕಾ?

ಉತ್ತರ ಗೊತ್ತಿಲ್ಲದ ಮಾತ್ರೆ ಮನೆಯಲ್ಲಿ ಇರಬಾರದು. ಆಪರೇಷನ್ ಆದ ಮೇಲೆ ಉಳಿದ ನೋವಿನ ಮಾತ್ರೆಗಳನ್ನು "ಯಾವತ್ತಾದರೂ ಬೇಕಾಗುತ್ತದೆ" ಅಂತ ಎತ್ತಿಡುವ ಅಭ್ಯಾಸ ಬಹಳ ಜನರಿಗಿದೆ. ಅಮೆರಿಕದ ಸರ್ಕಾರಿ ಸಮೀಕ್ಷೆಗಳಲ್ಲಿ ವರ್ಷದಿಂದ ವರ್ಷಕ್ಕೆ ಒಂದು ವಿಷಯ ಎದ್ದು ಕಾಣುತ್ತದೆ. ನೋವಿನ ಮಾತ್ರೆ ದುರ್ಬಳಕೆ ಮಾಡಿಕೊಂಡವರಲ್ಲಿ ದೊಡ್ಡ ಪಾಲಿನ ಜನರಿಗೆ ಅದು ಸಿಕ್ಕಿದ್ದು ಸ್ನೇಹಿತರಿಂದ ಅಥವಾ ನೆಂಟರಿಂದ. ಅಂದರೆ ಹೀಗೆ ಎತ್ತಿಟ್ಟ ಮಾತ್ರೆಗಳೇ ಇನ್ನೊಬ್ಬರ ಕೈ ಸೇರಿವೆ.

ಹಂತ 1ರಲ್ಲಿ ಹೇಳಿದ, ಎಚ್ಚರ ಬೇಕಾದ ಮಾತ್ರೆಗಳಲ್ಲಿ ಉಳಿಸಿಕೊಳ್ಳಬೇಕಾದವನ್ನು ಬೀಗ ಹಾಕುವ ಜಾಗದಲ್ಲಿಡಿ. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಎಷ್ಟು ಉಳಿದಿದೆ ಅಂತ ಬರೆದಿಡಿ. ಇದು ಮನೆಯವರ ಮೇಲಿನ ಅನುಮಾನ ಅಲ್ಲ. ಮಕ್ಕಳಿರುವ ಮನೆಯಲ್ಲಿ, ಹದಿಹರೆಯದವರು ಬಂದುಹೋಗುವ ಮನೆಯಲ್ಲಿ ಇದು ಬೇಕೇ ಬೇಕು. ಮಾತ್ರೆಯನ್ನು ಅದರ ಮೂಲ ಪಟ್ಟಿಯಲ್ಲೇ, ಚೀಟಿಯ ಜೊತೆಗೇ ಇಡಿ. ಬಿಡಿ ಮಾತ್ರೆಗಳನ್ನು ಒಂದೇ ಡಬ್ಬಿಗೆ ತುಂಬಿದರೆ ಆರು ತಿಂಗಳ ನಂತರ ಯಾವುದು ಏನು ಅಂತ ಯಾರಿಗೂ ತಿಳಿಯುವುದಿಲ್ಲ.

ಬೇಡವಾದದ್ದನ್ನು ವಾಪಸ್ ತಗೊಳ್ಳುವ ಔಷಧ ಅಂಗಡಿ ಅಥವಾ ಆಸ್ಪತ್ರೆ ಹತ್ತಿರದಲ್ಲಿದ್ದರೆ ಅಲ್ಲಿಗೇ ಕೊಡಿ. ಇಲ್ಲದಿದ್ದರೆ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಯಾರೂ ತಿನ್ನಲು ಮನಸ್ಸು ಮಾಡದಂಥ ಮಣ್ಣು ಅಥವಾ ಬಳಸಿದ ಕಾಫಿಪುಡಿಯ ಜೊತೆ ಕಲಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ನೋವಿಗೆ ಚರ್ಮದ ಮೇಲೆ ಅಂಟಿಸುವ ಫೆಂಟನಿಲ್ ಪ್ಯಾಚ್ ಮಾತ್ರ ಹೀಗೆ ಬಿಸಾಡಬೇಡಿ. ಬಳಸಿ ತೆಗೆದ ಪ್ಯಾಚ್‌ನಲ್ಲೂ ಮಗುವಿನ ಜೀವ ತೆಗೆಯುವಷ್ಟು ಔಷಧ ಉಳಿದಿರುತ್ತದೆ. ಅದನ್ನು ವಿಲೇವಾರಿ ಮಾಡುವುದು ಹೇಗೆ ಅಂತ ಕೊಟ್ಟವರನ್ನೇ ಕೇಳಿ.

ಹಂತ 3: ಡಾಕ್ಟರ ಮುಂದೆ ಕೂತಾಗಲೇ ಪ್ರಶ್ನೆ ಕೇಳಿ

ಎಚ್ಚರ ಬೇಕಾದ ಮಾತ್ರೆ ಬರೆದಾಗ ಸುಮ್ನೆ ಚೀಟಿ ಮಡಚಿಕೊಂಡು ಬರಬೇಡಿ. ಇದು ಚಟ ಹಿಡಿಸುವ ಔಷಧವಾ? ಎಷ್ಟು ದಿನ ತಗೊಳ್ಳಬೇಕು? ನಿಲ್ಲಿಸುವುದು ಹೇಗೆ? ಇದಕ್ಕಿಂತ ಹಗುರದ ದಾರಿ ಇದೆಯಾ? ಈ ನಾಲ್ಕು ಪ್ರಶ್ನೆ ಸಾಕು. ಶುರುಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಮಾತಾಡಿಕೊಳ್ಳುವುದು ಇಡೀ ಮಾರ್ಗದರ್ಶಿಯಲ್ಲೇ ಅತ್ಯಂತ ಮುಖ್ಯ ಕೆಲಸ ಅಂತ ನನಗೆ ಅನ್ನಿಸುತ್ತದೆ. ನಿದ್ದೆ ಮಾತ್ರೆ ವರ್ಷಗಟ್ಟಲೆ ಮುಂದುವರಿಯುವುದು ಯಾರೋ ಹಾಗೆ ತೀರ್ಮಾನಿಸಿದ್ದರಿಂದ ಅಲ್ಲ. ನಿಲ್ಲಿಸುವ ಮಾತನ್ನು ಯಾರೂ ಎತ್ತದೇ ಇದ್ದದ್ದರಿಂದ.

ನೀವು ಹೇಳಬೇಕಾದ ವಿಷಯಗಳೂ ಇವೆ. ಈಗಾಗಲೇ ತಗೊಳ್ಳುತ್ತಿರುವ ಎಲ್ಲಾ ಔಷಧಿಗಳು, ಕುಡಿಯುವ ಅಭ್ಯಾಸ, ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಗರ್ಭಿಣಿಯಾಗಿದ್ದರೆ ಅದು, ನಿಮಗೋ ಮನೆಯವರಿಗೋ ಹಿಂದೆ ಯಾವುದಾದರೂ ಚಟ ಇದ್ದರೆ ಅದು. ನಾಚಿಕೆಯಿಂದ ಕುಡಿತದ ವಿಷಯ ಮುಚ್ಚಿಟ್ಟವರಿಗೆ ನಿದ್ದೆ ಮಾತ್ರೆ ಬರೆದರೆ ಏನಾಗುತ್ತದೆ ಅಂತ ಮುಂದಿನ ಹಂತದಲ್ಲಿ ನೋಡೋಣ. ಬೇರೆ ಬೇರೆ ಡಾಕ್ಟರನ್ನು ನೋಡುತ್ತಿದ್ದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಲೇಬೇಕು.

ಮಕ್ಕಳ ವಿಷಯದಲ್ಲಿ ಒಂದು ಗಟ್ಟಿ ಮಾತು. ಕೊಡೀನ್ ದೇಹದೊಳಗೆ ಹೋದ ಮೇಲೆ ಯಕೃತ್ತಿನಲ್ಲಿ ಮಾರ್ಫಿನ್ ಆಗುತ್ತದೆ. ಕೆಲವರ ದೇಹದಲ್ಲಿ ಈ ಬದಲಾವಣೆ ಹುಟ್ಟಿನಿಂದಲೇ ತುಂಬಾ ಜೋರು. ಅಂಥ ಮಗುವಿಗೆ ಮಾಮೂಲಿ ಡೋಸೇ ವಿಷವಾಗಬಹುದು. ಮಗು ಯಾವ ಥರದ್ದು ಅಂತ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಕೊಡಲೇಬಾರದು ಅಂದಿತು. ದೊಡ್ಡವರ ಕೆಮ್ಮಿನ ಸಿರಪ್ ಅರ್ಧ ಚಮಚ ಮಗುವಿಗೂ ಕೊಡೋಣ ಅನ್ನುವವರು ಇದನ್ನು ನೆನಪಿಡಬೇಕು.

ಹಂತ 4: ಬೆರೆಸಬೇಡಿ, ಪುಡಿ ಮಾಡಬೇಡಿ, ಹೆಚ್ಚಿಸಬೇಡಿ

ಓಪಿಯಾಯ್ಡ್ ಉಸಿರಾಟ ತಗ್ಗಿಸುತ್ತದೆ. ಬೆಂಜೊಡಯಾಜೆಪಿನ್ ತಗ್ಗಿಸುತ್ತದೆ. ಮದ್ಯವೂ ತಗ್ಗಿಸುತ್ತದೆ. ಬೇರೆಬೇರೆಯಾಗಿ ತಡೆದುಕೊಳ್ಳಬಹುದಾದ ಪ್ರಮಾಣಗಳು ಒಟ್ಟಿಗೆ ಸೇರಿದಾಗ ಉಸಿರೇ ನಿಲ್ಲಬಹುದು. ಎಫ್‌ಡಿಎ 2016ರಲ್ಲಿ ಓಪಿಯಾಯ್ಡ್ ಮತ್ತು ಬೆಂಜೊಡಯಾಜೆಪಿನ್ ಜೊತೆಗೂಡಿಸುವ ಬಗ್ಗೆ ತನ್ನ ಅತ್ಯಂತ ಕಠಿಣ ದರ್ಜೆಯ ಎಚ್ಚರಿಕೆಯನ್ನು ಪೆಟ್ಟಿಗೆಗಳ ಮಾಹಿತಿ ಹಾಳೆಯಲ್ಲಿ ಹಾಕಿಸಿತು. 2020ರಲ್ಲಿ ಬೆಂಜೊಡಯಾಜೆಪಿನ್ ಒಂದೇ ಆದರೂ ಅವಲಂಬನೆ ತರುತ್ತದೆ ಅನ್ನುವ ಎಚ್ಚರಿಕೆಯೂ ಸೇರಿತು. ಶೀತದ ಮಾತ್ರೆಗಳಲ್ಲಿರುವ ತೂಕಡಿಕೆಯ ಅಂಶ ಕೂಡ ಈ ಭಾರಕ್ಕೆ ಸೇರಿಕೊಳ್ಳುತ್ತದೆ.

ನಿಧಾನವಾಗಿ ಔಷಧ ಬಿಡುವ ಮಾತ್ರೆಗಳನ್ನು ಯಾವತ್ತೂ ಪುಡಿ ಮಾಡಬಾರದು. ಹನ್ನೆರಡು ಗಂಟೆಯಲ್ಲಿ ಸ್ವಲ್ಪಸ್ವಲ್ಪವೇ ಇಳಿಯಬೇಕಾದದ್ದು ಒಂದೇ ಸಲ ರಕ್ತಕ್ಕೆ ಸೇರುತ್ತದೆ. ಆಕ್ಸಿಕಾಂಟಿನ್ ಅನ್ನುವ ಮಾತ್ರೆಯ ಕಥೆ ಇಲ್ಲಿ ಹೇಳಲೇಬೇಕು. ಪರ್ಡ್ಯೂ ಫಾರ್ಮಾ ಕಂಪನಿ ಇದನ್ನು ಅಮೆರಿಕದಲ್ಲಿ 1996ರಲ್ಲಿ ಮಾರುಕಟ್ಟೆಗೆ ತಂದಿತು. ನಿಧಾನವಾಗಿ ಕೆಲಸ ಮಾಡುವುದರಿಂದ ಚಟದ ಭಯ ಕಡಿಮೆ ಅನ್ನುವ ಪ್ರಚಾರ ನಡೆಯಿತು. ಡಾಕ್ಟರುಗಳು ಸಾಮಾನ್ಯ ನೋವಿಗೂ ಬರೆದರು. ಪ್ರಚಾರದಲ್ಲಿ ದಾರಿ ತಪ್ಪಿಸಿದ್ದಕ್ಕೆ 2007ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. 2010ರಲ್ಲಿ ಪುಡಿ ಮಾಡಲು ಕಷ್ಟವಾಗುವಂತೆ ಮಾತ್ರೆಯನ್ನು ಬದಲಿಸಿದರು. ಅಷ್ಟರಲ್ಲಿ ಅವಲಂಬಿಸಿದ್ದವರಲ್ಲಿ ಹಲವರು ಹೆರಾಯಿನ್ ಕಡೆ, ಆಮೇಲೆ ಕಳ್ಳಸಾಗಣೆಯ ಫೆಂಟನಿಲ್ ಕಡೆ ಹೋಗಿಬಿಟ್ಟರು. 2021ರಲ್ಲಿ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಓವರ್‌ಡೋಸ್‌ನಿಂದ ಸತ್ತವರು ಒಂದು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಸುಮಾರು 80 ಸಾವಿರ ಸಾವುಗಳಲ್ಲಿ ಓಪಿಯಾಯ್ಡ್ ಇತ್ತು. ಚೀಟಿಯ ಮೇಲೆ ಶುರುವಾದದ್ದು ಒಂದು ದೇಶದ ಆರೋಗ್ಯವನ್ನೇ ಕೆಡಿಸುವ ಮಟ್ಟಕ್ಕೆ ಹೋದದ್ದು ಹೀಗೆ.

ಪ್ಯಾರಸಿಟಮಾಲ್ ಬಗ್ಗೆ ಜನ ನಿರ್ಲಕ್ಷ್ಯ ಮಾಡುತ್ತಾರೆ, ಅದು ಸಿಗುವುದು ಸುಲಭ ಅಂತ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಗರಿಷ್ಠ. ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಶೀತದ ಮಾತ್ರೆ, ಜ್ವರದ ಮಾತ್ರೆ, ಟ್ರಮಡಾಲ್ ಜೊತೆ ಬೆರೆಸಿದ ನೋವಿನ ಮಾತ್ರೆ, ಮೂರರಲ್ಲೂ ಪ್ಯಾರಸಿಟಮಾಲ್ ಇರಬಹುದು. ಲೆಕ್ಕ ತಪ್ಪುವುದು ಇಲ್ಲೇ. ಜಾಸ್ತಿ ಆದಾಗ ಮೊದಲ ದಿನ ಏನೂ ಗೊತ್ತಾಗದೇ ಇರಬಹುದು, ಆದರೆ ಯಕೃತ್ತು ಒಳಗೆ ಹಾಳಾಗುತ್ತಿರುತ್ತದೆ. ಇದಕ್ಕೆ ಅಸೆಟೈಲ್‌ಸಿಸ್ಟೀನ್ ಅನ್ನುವ ಮದ್ದು ಇದೆ. ಎಂಟು ಗಂಟೆಯೊಳಗೆ ಸಿಕ್ಕರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ "ಆರಾಮಾಗಿದ್ದಾನಲ್ಲ" ಅಂತ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 5: ಆಂಟಿಬಯಾಟಿಕ್ ಅನ್ನು ಹಳೆ ಚೀಟಿಯಿಂದ ತರಬೇಡಿ

ಉಳಿದ ಮಾತ್ರೆಗಳ ದುರ್ಬಳಕೆ ಹೆಚ್ಚಾಗಿ ತಿಂದವನನ್ನೇ ಕಾಡುತ್ತದೆ. ಆಂಟಿಬಯಾಟಿಕ್ ಹಾಗಲ್ಲ. ಒಬ್ಬರ ದೇಹದಲ್ಲಿ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆದರೆ ಅದು ಇನ್ನೊಬ್ಬರಿಗೆ ಅಂಟುತ್ತದೆ, ಆಂಟಿಬಯಾಟಿಕ್ ಮುಟ್ಟದವರಿಗೂ ಅಂಟುತ್ತದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಅಪಾಯ ಹೇಳಿದ್ದರು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಅಂತ ಅಂದಾಜಿದೆ.

ಶೀತ, ಫ್ಲೂ ಬರುವುದು ವೈರಸ್‌ನಿಂದ. ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಡಾಕ್ಟರು "ಬೇಡ" ಅಂದರೆ ಒತ್ತಾಯ ಮಾಡಬೇಡಿ. ಕೊಟ್ಟರೆ ಹೇಳಿದಷ್ಟು ದಿನ ತಗೊಳ್ಳಿ, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಮುಂದುವರಿಸಲೂ ಬೇಡಿ. ಉಳಿದದ್ದನ್ನು ಮುಂದಿನ ಜ್ವರಕ್ಕೆ ಎತ್ತಿಡಬೇಡಿ.

ಹಂತ 6: ಸುಳಿವುಗಳನ್ನು ಬೇಗ ಗುರುತಿಸಿ

ತಿಂಗಳಿಗೆ ಬರೆದದ್ದು ಇಪ್ಪತ್ತು ದಿನಕ್ಕೇ ಮುಗಿಯುತ್ತದೆ. "ಮಾತ್ರೆ ಕಳೆದುಹೋಯಿತು" ಅನ್ನುವ ಮಾತು ಪದೇಪದೇ ಬರುತ್ತದೆ. ಒಂದೇ ತೊಂದರೆಗೆ ಇಬ್ಬರು ಮೂವರು ಡಾಕ್ಟರ ಚೀಟಿ ಇರುತ್ತದೆ. ನೋವಿಗಿಂತ ಹೆಚ್ಚಾಗಿ ಮನಸ್ಸಿನ ಬೇಸರಕ್ಕೆ, ಸಿಟ್ಟಿಗೆ ಮಾತ್ರೆ ತಗೊಳ್ಳುವುದು ಕಾಣುತ್ತದೆ. ಹಗಲು ತೂಕಡಿಕೆ, ತೊದಲು ಮಾತು, ಕೆಲಸದಲ್ಲಿ ಆಸಕ್ತಿ ಇಲ್ಲದಿರುವುದು ಜೊತೆಗೂಡುತ್ತವೆ. ಇದರಲ್ಲಿ ಒಂದು ಕಂಡಿತು ಅಂತ ತೀರ್ಪು ಕೊಡಬೇಡಿ. ಎರಡು ಮೂರು ಒಟ್ಟಿಗೆ ಕಂಡರೆ ಮಾತಾಡುವ ಸಮಯ ಬಂದಿದೆ.

ಒಂದು ವ್ಯತ್ಯಾಸ ತಿಳಿದಿರಲಿ. ಔಷಧ ಬಿಟ್ಟಾಗ ದೇಹ ನಡುಗುವುದು, ಬೆವರುವುದು ಅವಲಂಬನೆ. ಡಾಕ್ಟರು ಹೇಳಿದಂತೆಯೇ ತಗೊಂಡವರಿಗೂ ಇದು ಬರುತ್ತದೆ. ಚಟ ಅಂದರೆ ಹಾನಿಯಾಗುತ್ತಿದೆ ಅಂತ ಗೊತ್ತಿದ್ದೂ ಬಿಡಲಾಗದೆ ಅದರ ಹಿಂದೆಯೇ ಓಡುವುದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವ ಅಜ್ಜಿ ಚಟಗಾರ್ತಿ ಅಲ್ಲ. ಈ ಗೊಂದಲದಿಂದ ಆಗುವ ಹಾನಿಯೂ ದೊಡ್ಡದು. ಬದುಕಿನ ಕೊನೆಗಾಲದಲ್ಲಿ ನೋವು ತಗ್ಗಿಸುವ ಆರೈಕೆ ಬೇಕಾದವರಲ್ಲಿ ಸುಮಾರು ಶೇ 14ರಷ್ಟು ಜನರಿಗೆ ಮಾತ್ರ ಅದು ಸಿಗುತ್ತಿದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಯದಿಂದ ಅವರ ಮಾತ್ರೆ ಕಸಿದುಕೊಂಡರೆ ಅದು ಕ್ರೂರತನ.

ಹಂತ 7: ಮಾತಾಡುವ ರೀತಿ

ಅವರು ಎಚ್ಚರವಾಗಿ, ಸಮಾಧಾನವಾಗಿ ಇರುವ ಹೊತ್ತು ನೋಡಿ. ನಾಲ್ಕು ಜನರ ಮುಂದೆ ಬೇಡ. "ನೀನು ಹಾಳಾಗಿದ್ದೀಯ" ಅನ್ನುವ ಬದಲು ಕಂಡದ್ದನ್ನಷ್ಟೇ ಹೇಳಿ: "ಅಕ್ಕಾ, ಈ ತಿಂಗಳು ಮಾತ್ರೆ ಬೇಗ ಮುಗಿದಿದೆ. ನಿನಗೆ ನಿದ್ದೆಯೂ ಸರಿ ಇಲ್ಲ. ನನಗೆ ಭಯ ಆಗುತ್ತಿದೆ. ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣವಾ?" ಮೊದಲ ಸಲ ಸಿಟ್ಟಾಗಬಹುದು, ಇಲ್ಲ ಅನ್ನಬಹುದು. ಮಾತು ಮುರಿಯದೆ ಇನ್ನೊಂದು ದಿನಕ್ಕೆ ಬಿಡಿ. ಹಿಂದೆ ಯಾವ ನೋವಿದೆ ಅಂತ ಕೇಳಿ. ನಿದ್ದೆ ಬಾರದಿರುವುದಕ್ಕೆ ಸಾಲವೋ, ಸಾವೋ, ಮನೆಯೊಳಗಿನ ಹಿಂಸೆಯೋ ಕಾರಣವಾಗಿರಬಹುದು. ಅದನ್ನು ಬಿಟ್ಟು ಮಾತ್ರೆಯ ಬಗ್ಗೆ ಮಾತ್ರ ಮಾತಾಡಿದರೆ ಕೆಲಸ ಆಗುವುದಿಲ್ಲ.

ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳನ್ನು ದೂರ ಇಡಿ, ಅದೇ ದಿನ ಸಹಾಯ ಪಡೆಯಿರಿ.

ಹಂತ 8: ನಿಲ್ಲಿಸುವುದನ್ನು ಡಾಕ್ಟರ ಕೈಗೆ ಕೊಡಿ

ನಿದ್ದೆ ಮಾತ್ರೆ, ಆತಂಕದ ಮಾತ್ರೆಗಳನ್ನು ಬಹಳ ಕಾಲ ತಗೊಂಡವರು ಒಂದೇ ದಿನ ಬಿಟ್ಟರೆ ಫಿಟ್ಸ್ ಬರಬಹುದು, ಸಾವೂ ಆಗಬಹುದು. ಡೋಸನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುವುದು ಈಗ ವೈದ್ಯರು ಯೋಚಿಸುವ ಒಂದು ಅಳತೆ. ಓಪಿಯಾಯ್ಡ್ ಅನ್ನು ವರ್ಷಕ್ಕಿಂತ ಹೆಚ್ಚು ಕಾಲ ತಗೊಂಡವರಿಗೆ ತಿಂಗಳಿಗೆ ಶೇ 10ರಷ್ಟು ಅಥವಾ ಇನ್ನೂ ನಿಧಾನ. ಮೆಟ್ಟಿಲು ಇಳಿದ ಹಾಗೆ, ಒಂದೊಂದು ಮೆಟ್ಟಿಲಲ್ಲೂ ನಿಂತು. ಸಂಕಟ ಹೆಚ್ಚಾದರೆ ಅದೇ ಡೋಸ್‌ನಲ್ಲಿ ಸ್ವಲ್ಪ ದಿನ ಉಳಿಯಬಹುದು. ಸ್ಟೀರಾಯ್ಡ್ ಮಾತ್ರೆಗಳೂ ಹಾಗೆಯೇ. ವಾರಗಟ್ಟಲೆ ತಗೊಂಡಾಗ ದೇಹ ತನ್ನದೇ ಹಾರ್ಮೋನ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಬಿಪಿ ಕುಸಿಯುತ್ತದೆ.

ಓಪಿಯಾಯ್ಡ್ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಅನ್ನುವ ಔಷಧಿಗಳಿವೆ, ಇವೂ ಓಪಿಯಾಯ್ಡ್ ಜಾತಿಯವೇ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಇವನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. "ಒಂದು ಚಟ ಬಿಡಿಸಲು ಇನ್ನೊಂದಾ?" ಅಂತ ಮನೆಯವರು ಬೇಡ ಅನ್ನುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಈ ಚಿಕಿತ್ಸೆಯಲ್ಲಿ ಉಳಿದವರಲ್ಲಿ ಸಾವು ಗಣನೀಯವಾಗಿ ಕಡಿಮೆ.

ಹಂತ 9: ತುರ್ತು ಹೊತ್ತಿನಲ್ಲಿ

ಕರೆದರೆ ಎಚ್ಚರಾಗುತ್ತಿಲ್ಲ, ಉಸಿರು ತೀರಾ ನಿಧಾನ ಅಥವಾ ಗೊರಗೊರ ಸದ್ದು, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಇವು ಓಪಿಯಾಯ್ಡ್ ಓವರ್‌ಡೋಸ್‌ನ ಗುರುತು. "ಗೊರಕೆ ಹೊಡೆಯುತ್ತಿದ್ದಾನೆ, ಮಲಗಲಿ" ಅಂತ ಬಿಟ್ಟು ಕಳೆದುಕೊಂಡವರಿದ್ದಾರೆ.

1. ಜೋರಾಗಿ ಕರೆದು, ಭುಜ ಅಲ್ಲಾಡಿಸಿ, ಎದೆಮೂಳೆಯನ್ನು ಮುಷ್ಟಿಯಿಂದ ಉಜ್ಜಿ ನೋಡಿ.
2. ಆಂಬುಲೆನ್ಸ್‌ಗೆ ಫೋನ್ ಮಾಡಿ. ಏನು ತಗೊಂಡಿದ್ದಾರೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ.
3. ಓಪಿಯಾಯ್ಡ್‌ನ ಪರಿಣಾಮವನ್ನು ತಡೆಯುವ ಮದ್ದಾದ ನ್ಯಾಲೊಕ್ಸೋನ್ ಮೂಗಿನ ಸ್ಪ್ರೇ ಇದ್ದರೆ ಕೊಡಿ. ತಗೊಂಡದ್ದು ಓಪಿಯಾಯ್ಡ್ ಅಲ್ಲದಿದ್ದರೂ ಇದರಿಂದ ಕೆಡುಕಿಲ್ಲ.
4. ಉಸಿರಿಲ್ಲದಿದ್ದರೆ, ಗೊತ್ತಿದ್ದವರು ಬಾಯಿಂದ ಉಸಿರು ಕೊಡಿ, ಎದೆ ಒತ್ತಿ. ಉಸಿರಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಗದಂತೆ.
5. ಬಲವಂತವಾಗಿ ವಾಂತಿ ಮಾಡಿಸಬೇಡಿ, ತಣ್ಣೀರು ಸುರಿಯಬೇಡಿ, ಒಬ್ಬರನ್ನೇ ಬಿಡಬೇಡಿ. ಮಾತ್ರೆಯ ಪಟ್ಟಿಗಳನ್ನು ಆಸ್ಪತ್ರೆಗೆ ತಗೊಂಡು ಹೋಗಿ.

ನ್ಯಾಲೊಕ್ಸೋನ್ ಕೆಲಸ ಮಾಡುವುದು 30ರಿಂದ 90 ನಿಮಿಷ ಮಾತ್ರ. ಎದ್ದು ಕೂತು "ನಾನು ಸರಿ ಇದ್ದೀನಿ" ಅಂದರೂ ಆಸ್ಪತ್ರೆಗೆ ಹೋಗಲೇಬೇಕು. ಮದ್ದಿನ ಬಲ ಇಳಿದ ಮೇಲೆ ಉಸಿರು ಮತ್ತೆ ಕುಸಿಯಬಹುದು.

ಹಂತ 10: ಬಿಟ್ಟ ಮೇಲಿನ ತಿಂಗಳುಗಳು

ಅತಿ ಅಪಾಯದ ಕಾಲ ಇದು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ವಾರ ಬಿಟ್ಟರೆ ದೇಹದ ತಾಳಿಕೆ ಇಳಿದಿರುತ್ತದೆ. ಮತ್ತೆ ಮನಸ್ಸು ಜಾರಿ ಹಳೆಯ ಡೋಸೇ ತಗೊಂಡರೆ, ಮೊದಲು ತಡೆದುಕೊಂಡಿದ್ದ ದೇಹ ಈಗ ತಡೆದುಕೊಳ್ಳುವುದಿಲ್ಲ. ಆಸ್ಪತ್ರೆಯಿಂದ, ಚಿಕಿತ್ಸಾ ಕೇಂದ್ರದಿಂದ, ಜೈಲಿನಿಂದ ಹೊರಬಂದ ಮೊದಲ ವಾರಗಳಲ್ಲಿ ಓವರ್‌ಡೋಸ್ ಸಾವು ಹೆಚ್ಚುವುದು ಇದೇ ಕಾರಣಕ್ಕೆ. ಈ ವಿಷಯವನ್ನು ಅವರಿಗೆ ಮೊದಲೇ, ಪ್ರೀತಿಯಿಂದ, ನೇರವಾಗಿ ಹೇಳಿ. ಜಾರಿದರೂ ಮುಚ್ಚಿಡದೆ ಹೇಳುವಷ್ಟು ನಂಬಿಕೆ ಮನೆಯಲ್ಲಿರಲಿ. ಜಾರಿದ್ದು ಕಂಡರೆ ಚಿಕಿತ್ಸೆ ಸೋತಿತು ಅಂದುಕೊಳ್ಳಬೇಡಿ. ಬಿಪಿ, ಸಕ್ಕರೆ ಕಾಯಿಲೆಯೂ ಮತ್ತೆ ಏರಿದಾಗ ನಾವು ಡಾಕ್ಟರ ಹತ್ತಿರವೇ ಹೋಗುತ್ತೇವೆ ಅಲ್ವಾ?

ಆನ್‌ಲೈನ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆಗಳ ಕಡೆ ಈ ಕಾಲದಲ್ಲಿ ಆಸೆ ಹುಟ್ಟುತ್ತದೆ. ಅಸಲಿಯಂತೆ ಕಾಣುವ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಸಿಕ್ಕಿದೆ. ಅದು ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಬಲವಾದದ್ದು. ಒಂದೇ ಮಾತ್ರೆಯೂ ಕೊನೆಯದಾಗಬಹುದು.

ಮುಂದೆ ಹಲ್ಲು ಕೀಳಿಸುವುದಿರಲಿ, ಆಪರೇಷನ್ ಇರಲಿ, ಹಳೆಯ ಚಟದ ವಿಷಯವನ್ನು ಡಾಕ್ಟರಿಗೂ ಅರಿವಳಿಕೆ ಕೊಡುವವರಿಗೂ ಮುಂಚೆಯೇ ತಿಳಿಸಿ. ನೋವು ಸಹಿಸಿಕೊಂಡು ಇರಬೇಕಾಗಿಲ್ಲ. ಐಬುಪ್ರೊಫೆನ್ ಥರದ ಔಷಧಿಗಳು, ಆ ಜಾಗವನ್ನಷ್ಟೇ ಜೋಮು ಹಿಡಿಸುವ ಇಂಜೆಕ್ಷನ್, ಹೀಗೆ ಬೇರೆ ದಾರಿಗಳಿವೆ. ಓಪಿಯಾಯ್ಡ್ ಬೇಕೇ ಬೇಕಾದರೆ ಕೆಲವೇ ದಿನಕ್ಕೆ ಆಗುವಷ್ಟು ಬರೆಸಿ, ಮನೆಯ ಇನ್ನೊಬ್ಬರ ಕೈಯಲ್ಲಿಡಿ. ಹೊತ್ತಿಗೆ ಸರಿಯಾಗಿ ಅವರು ಒಂದೊಂದೇ ಕೊಡಲಿ, ಉಳಿದದ್ದನ್ನು ಅದೇ ವಾರ ಅಂಗಡಿಗೋ ಆಸ್ಪತ್ರೆಗೋ ವಾಪಸ್ ಕೊಟ್ಟುಬಿಡಲಿ.